ಜಿಲ್ದಿನ ಅಂಗಡಿಗೆ ಹೋದ ನೋಟೀಸು

ನನ್ನನ್ನು ಕಳ್ಳನೆಂದು ಕರೆದ ಪತ್ರ ಬಂದದ್ದು ಒಂದು ಬುಧವಾರ ಮಧ್ಯಾಹ್ನ, ನಾನು ಊಟಕ್ಕೆ ಕುಳಿತಾಗ. ಅಂಚೆಯವನು ತಂದ ಪತ್ರವಲ್ಲ, ಫೋನಿಗೆ ಬಂದದ್ದು. ಇಂಗ್ಲಿಷಿನಲ್ಲಿತ್ತು, ಬಹಳ ಸಭ್ಯವಾಗಿತ್ತು, ಕಳ್ಳ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಆನ್‌ಲೈನ್ ಅಂಗಡಿಯ ಮೂಲಕ ನೀವು ಮಾರುತ್ತಿರುವ ಸಾಮಾನ್ಯ ಜ್ಞಾನದ ಪುಸ್ತಕ ನಕಲಿ ಎಂದು ಅದರ ಪ್ರಕಾಶಕರು ದೂರು ಕೊಟ್ಟಿದ್ದಾರೆ. ಇದು ಕೃತಿಸ್ವಾಮ್ಯದ ಉಲ್ಲಂಘನೆ. ನಿಮ್ಮ ಖಾತೆಯನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ. ಏಳು ದಿನದಲ್ಲಿ ವಿವರಣೆ ಕೊಡಿ, ಇಲ್ಲದಿದ್ದರೆ ಶಾಶ್ವತವಾಗಿ ಮುಚ್ಚುತ್ತೇವೆ. ಎರಡು ಸಲ ಓದಿದೆ. ನಾನು ಮುಂಗೋಪಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಪಲ್ಯಕ್ಕೆ ಬೈದೆ, ಉಪ್ಪಿಲ್ಲದೆ ಸಪ್ಪಗಾಗಿದೆ ಎಂದು. ಪಲ್ಯ ಮಾಡಿದವನೂ ನಾನೇ.

ನಾನು ವಾಡಿಯವನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕಾರ್ಮಿಕರ ಹಾಜರಿ ನೋಡುವ ಕೆಲಸ. ನಮಗೆ ಮಕ್ಕಳಾಗಲಿಲ್ಲ. ನಿವೃತ್ತಿಯಾದ ಮರುವರ್ಷವೇ ಹೆಂಡತಿ ತೀರಿಕೊಂಡಳು. ಅವಳಿದ್ದಾಗ ಮನೆಯಲ್ಲಿ ದಿನವೂ ಜಗಳವಿರುತ್ತಿತ್ತು, ಫ್ಯಾನು ಯಾರು ಆರಿಸಬೇಕು, ಬಾಗಿಲಿನ ಚಿಲಕ ಯಾರು ಹಾಕಬೇಕು ಎಂಬಂಥ ಸಣ್ಣ ಸಣ್ಣ ಜಗಳ. ಅವಳು ಹೋದ ಮೇಲೆ ಎಲ್ಲಕ್ಕಿಂತ ಮೊದಲು ನನಗೆ ಇಲ್ಲವೆನಿಸಿದ್ದು ಆ ಜಗಳ. ಬೆಳಗಿನಿಂದ ತುಟಿ ಬಿಚ್ಚದೆ ಇದ್ದು, ಸಂಜೆ ಹಾಲಿನವನ ಮುಂದೆ ಅರ್ಧ ಲೀಟರ್ ಎಂದಾಗ, ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು.

ಪುಸ್ತಕ ಮಾರುವ ಕೆಲಸ ನಾನು ಹುಡುಕಿಕೊಂಡು ಹೋದದ್ದಲ್ಲ. ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವನೊಬ್ಬ ಸರಕಾರಿ ನೌಕರಿ ಸಿಕ್ಕು ಹೋಗುವಾಗ ತನ್ನ ಪರೀಕ್ಷೆಯ ಪುಸ್ತಕಗಳನ್ನೆಲ್ಲ ಸಿಮೆಂಟ್ ಚೀಲದಲ್ಲಿ ತುಂಬಿ ಬಿಟ್ಟುಹೋದ. ರದ್ದಿಗೆ ಹಾಕಲು ಮನಸ್ಸು ಬರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಹಳೆಯ ಪುಸ್ತಕ ಎಂದು ಬರೆದು ಆನ್‌ಲೈನ್ ಅಂಗಡಿಯಲ್ಲಿ ಇಟ್ಟೆ. ವಾರದಲ್ಲಿ ಎಲ್ಲ ಹೋದವು. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹರಡಿ ಶಹಾಬಾದ್, ಸೇಡಂ, ಚಿಂಚೋಳಿ ಕಡೆಯಿಂದ ಜನ ಕರೆದು ಪುಸ್ತಕ ಕೊಡತೊಡಗಿದರು. ಕೊಡುವವರಲ್ಲಿ ಎರಡು ಬಗೆ. ನೌಕರಿ ಸಿಕ್ಕವರು ಒಂದು ಬಗೆ. ಪರೀಕ್ಷೆಗೆ ಕೂಡುವ ವಯಸ್ಸು ಮೀರಿದವರು ಇನ್ನೊಂದು. ಎರಡನೆಯವರ ಪುಸ್ತಕಗಳೇ ಹೆಚ್ಚು ಸವೆದಿರುತ್ತಿದ್ದವು. ತಲೆದಿಂಬಾಗಿ ಮಲಗಿದವು, ಚಹಾದ ಬಟ್ಟಲು ಹೊತ್ತವು, ರಟ್ಟು ಕಿತ್ತುಹೋಗಿ ಮೊದಲ ಹಾಳೆ ನೇತಾಡುವಂಥವು. ಹಾಗೆಯೇ ಕಳಿಸಿದರೆ ಕೊಂಡವರು ಹಿಂದಕ್ಕೆ ಕಳಿಸುತ್ತಿದ್ದರು.

ಹೀಗೆ ನಾನು ಚಿತ್ತಾಪುರದ ಜಿಲ್ದಿನ ಅಂಗಡಿಗೆ ಹೋದೆ. ಪುಸ್ತಕಕ್ಕೆ ರಟ್ಟು ಕಟ್ಟುವುದಕ್ಕೆ ನಮ್ಮ ಕಡೆ ಜಿಲ್ದು ಹಾಕುವುದು ಎನ್ನುತ್ತಾರೆ. ಬಜಾರಿನ ಹಿಂದಿನ ಗಲ್ಲಿಯಲ್ಲಿ, ಒಂದು ಔಷಧ ಅಂಗಡಿಯ ಪಕ್ಕದಲ್ಲಿ, ಎರಡು ಹಾಸಿಗೆಯಷ್ಟೇ ಅಗಲದ ಜಾಗ. ಅದರ ಮಾಲೀಕರು ನನಗಿಂತ ಎಂಟು ಹತ್ತು ವರ್ಷ ಹಿರಿಯರು, ಅಪ್ಪನ ಕಾಲದಿಂದ ಅದೇ ಕಸುಬು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಬಾಬು ಎಂದು ಕರೆದರು. ಕಾರ್ಖಾನೆಯ ಗುಮಾಸ್ತರಿಗೆಲ್ಲ ಇಲ್ಲಿ ಅದೇ ಹೆಸರು.

ಮೊದಲ ಸಲ ಹೋದದ್ದು ಗುರುವಾರ. ಮುಂದಿನ ಗುರುವಾರ ಬಂದು ಒಯ್ಯಲು ಹೇಳಿದರು. ಹೋದಾಗ ಇನ್ನೊಂದು ಕಟ್ಟು ಪುಸ್ತಕ ಕೊಟ್ಟು ಬಂದೆ. ಹಾಗೆಯೇ ಐದು ವರ್ಷ ನಡೆಯಿತು. ಬೆಳಗಿನ ರೈಲಿಗೆ ವಾಡಿಯಲ್ಲಿ ಹತ್ತಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಚಿತ್ತಾಪುರ. ಅಂಗಡಿಯ ಒಳಗೆ ನನಗೆಂದು ಒಂದು ಸ್ಟೂಲು ಗೋಡೆಗೆ ಒತ್ತಿ ಇಟ್ಟಿರುತ್ತಿದ್ದರು. ಅವರು ಹಳೆಯ ರಟ್ಟು ಹರಿದು, ಹಾಳೆಗಳ ಕಟ್ಟುಗಳನ್ನು ಬಿಡಿಸಿ, ದಾರದಿಂದ ಹೊಲಿದು, ಮೈದಾದ ಅಂಟಿಗೆ ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ಬಟ್ಟೆಯ ಬೆನ್ನು ಅಂಟಿಸುತ್ತಿದ್ದರು. ಆಮೇಲೆ ಎರಡು ಶಹಾಬಾದ್ ಕಲ್ಲಿನ ಹಾಸುಗಳ ನಡುವೆ ಇಟ್ಟು ಒತ್ತುತ್ತಿದ್ದರು. ಅದಕ್ಕೆ ಅವರ ಬಳಿ ಯಂತ್ರವಿರಲಿಲ್ಲ. ನಾನು ಕಲ್ಲು ಎತ್ತಿಡಲು ಕೈ ಕೊಡುತ್ತಿದ್ದೆ. ಮಧ್ಯಾಹ್ನ ಅವರ ಮನೆಯಿಂದ ಬಂದ ಡಬ್ಬಿಯಲ್ಲಿ ಇಬ್ಬರೂ ತಿನ್ನುತ್ತಿದ್ದೆವು.

ಮಾತು ಬಹಳವೇನೂ ಇರುತ್ತಿರಲಿಲ್ಲ. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ, ಆದರೆ ಪುಸ್ತಕವನ್ನು ಕೈಯಲ್ಲಿ ಹಿಡಿದ ಕೂಡಲೇ ಅದರ ಒಡೆಯನ ಜಾತಕ ಹೇಳುತ್ತಿದ್ದರು.

"ಇವ ಬರೇ ಮೊದಲ್ನೇ ಪಾಠ ಓದ್ಯಾನ ಬಾಬು, ಮುಂದ ಕೈ ಹಚ್ಚಿಲ್ಲ."

"ಈಕಿ ನೋಡು, ಅಡಗಿ ಮಾಡ್ಕೋತ ಓದ್ಯಾಳ. ಎಣ್ಣಿ ಹತ್ತ್ಯಾದ."

ಒಮ್ಮೆ ನನ್ನನ್ನೇ ಕೇಳಿದರು: "ಮನ್ಯಾಗ ಯಾರ ಜೋಡಿ ಮಾತಾಡ್ತಿ?" ಯಾರ ಜೊತೆಗೂ ಇಲ್ಲ ಎಂದೆ. ಅವರು ಹಾಳೆ ಮಡಚುತ್ತ, "ಹಂಗಾರ ಇಲ್ಲಿ ಬಂದು ಮಾತಾಡು, ನಾ ಕೇಳ್ತೀನಿ" ಎಂದರು. ಅಷ್ಟೇ ಮಾತು. ನಾನು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದೆ. ನಿಜ ಹೇಳಬೇಕೆಂದರೆ ಪುಸ್ತಕ ಒಂದು ನೆಪ. ನನಗಾಗಿ ಒಬ್ಬರು ಕಾದು ಕುಳಿತಿರುವ ದಿನ ವಾರಕ್ಕೆ ಒಂದು ಇತ್ತು, ಅದನ್ನು ಹಿಡಿದುಕೊಂಡು ಉಳಿದ ಆರು ದಿನ ದಾಟುತ್ತಿದ್ದೆ.

ಇನ್ನು ಪುಸ್ತಕದ ಮುಖದ ವಿಷಯ. ಚಾಚಾ ಪುಸ್ತಕಗಳಿಗೆ ಬೂದು ಬಣ್ಣದ ಸಾದಾ ರಟ್ಟು ಹಾಕುತ್ತಿದ್ದರು. ಕೋರ್ಟಿನ ರಿಜಿಸ್ಟರಿನಂತೆ ಕಾಣುತ್ತಿತ್ತು. ಫೋಟೋದಲ್ಲಿ ಅದನ್ನು ನೋಡಿದವರು ಯಾರೂ ಕೊಳ್ಳಲು ಮುಂದಾಗಲಿಲ್ಲ. ಆಗ ನನಗೊಂದು ಬುದ್ಧಿ ಬಂತು. ಅದೇ ಪುಸ್ತಕದ ಒಳ್ಳೆಯ ಪ್ರತಿ ಸಿಕ್ಕಾಗ ಅದರ ಹೊದಿಕೆಯನ್ನು ಶಹಾಬಾದಿನಲ್ಲಿ ಕಲರ್ ಝೆರಾಕ್ಸ್ ಮಾಡಿಸಿ ತಂದೆ. ಇದನ್ನು ಮೇಲೆ ಅಂಟಿಸಿ ಎಂದೆ. ಚಾಚಾ ಒಪ್ಪಲಿಲ್ಲ.

"ಹಳೇದಕ್ಕ ಹಳೇ ಮಾರಿನೇ ಇರ್ಲಿ ಬಾಬು. ಮುದುಕಿಗಿ ಪೌಡರ್ ಯಾಕ?"

"ಮಾರಿ ನೋಡೇ ಮಂದಿ ತಗೋತಾರ ಚಾಚಾ. ನಿಮಗ ಗೊತ್ತಾಗಂಗಿಲ್ಲ, ನೀವು ಹಚ್ರಿ" ಎಂದು ಜೋರು ಮಾಡಿದೆ. ಟೈಮ್ ಆಫೀಸಿನ ದನಿ ನನ್ನಲ್ಲಿ ಇನ್ನೂ ಇತ್ತು. ಅವರು ಹಚ್ಚಿದರು. ಒಮ್ಮೆ ಕೈ ಹಾಕಿದ ಮೇಲೆ ಅವರಿಗೆ ಅರೆಬರೆ ಕೆಲಸ ಆಗದು. ಅಂಚುಗಳನ್ನು ಹೊಸದರಂತೆ ನಯವಾಗಿ ಕತ್ತರಿಸಿದರು, ಸಡಿಲವಾಗಿದ್ದ ಮೊದಲ ಹಾಳೆಯ ಬೆನ್ನಿಗೆ ದಪ್ಪ ಕಾಗದ ಅಂಟಿಸಿ ಗಟ್ಟಿ ಮಾಡಿದರು. ಪುಸ್ತಕ ಅಚ್ಚುಮನೆಯಿಂದ ಈಗ ತಾನೇ ಬಂದಂತೆ ಕಂಡಿತು. ನನಗೆ ಹೆಮ್ಮೆಯಾಗಿತ್ತು.

ನಕಲಿ ಎಂಬ ಅನುಮಾನ ಹುಟ್ಟಿದ್ದು ಅಲ್ಲಿಂದಲೇ. ಪ್ರಕಾಶಕರು ನನ್ನಿಂದ ಒಂದು ಪ್ರತಿ ಕೊಂಡು ಪರೀಕ್ಷಿಸಿದ್ದರು. ಹೊದಿಕೆ ಝೆರಾಕ್ಸು. ಅಳತೆ ಮೂಲಕ್ಕಿಂತ ಚಿಕ್ಕದು. ಹಕ್ಕುಗಳ ವಿವರ ಅಚ್ಚಾಗಿರುವ ಪುಟವೇ ಇಲ್ಲ. ಇಷ್ಟು ದೂರಿನಲ್ಲಿತ್ತು. ಕೋಪದಲ್ಲಿ ಓದಿದಾಗ ಸುಳ್ಳೆನಿಸಿತು. ಕೈ ತೊಳೆದು ಮನೆಯಲ್ಲಿದ್ದ ಇನ್ನೊಂದು ಪ್ರತಿಯನ್ನು ತೆರೆದು ನೋಡಿದರೆ ಮೂರೂ ನಿಜ. ಹಕ್ಕಿನ ಪುಟ ಮೊದಲ ಹಾಳೆಯ ಹಿಂಬದಿಯಲ್ಲಿರುತ್ತದೆ, ಚಾಚಾ ಅದರ ಮೇಲೆಯೇ ದಪ್ಪ ಕಾಗದ ಅಂಟಿಸಿದ್ದರು. ಕನ್ನಡ ಓದಲು ಬಾರದವರಿಗೆ ಅದು ಒಂದು ದುರ್ಬಲ ಹಾಳೆ, ಅಷ್ಟೇ. ಓದಲು ಬರುವ ನಾನು ಪಕ್ಕದಲ್ಲೇ ಕುಳಿತು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಕೆಟಲಿನಲ್ಲಿ ನೀರು ಕುದಿಸಿ, ಆವಿಗೆ ಹಾಳೆ ಹಿಡಿದು, ಅಡುಗೆಮನೆಯ ಚೂರಿಯ ಬೆನ್ನಿನಿಂದ ಮೆಲ್ಲಗೆ ಎಬ್ಬಿಸಿದೆ. ಒಳಗೆ ಅಸಲಿ ಪುಟ ಹಾಗೆಯೇ ಇತ್ತು. ಪ್ರಕಾಶಕರ ಹೆಸರು, ಮುದ್ರಣಾಲಯ, ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ ಎಂಬ ಸಾಲು. ಖಾಲಿ ಮನೆಯಲ್ಲಿ ಒಬ್ಬನೇ 'ನೋಡ್ರೋ!' ಎಂದು ಕೂಗಿದೆ.

ಮರುದಿನ ಗುರುವಾರ. ಚಾಚಾನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಪೂರ್ತಿ ಆರು ತಾಸು ನಾನು ಈ ವಿಷಯ ಎತ್ತಲಿಲ್ಲ. ಹೇಳಿದರೆ ಅವರು ನೊಂದುಕೊಳ್ಳುತ್ತಾರೆ, ಗೆದ್ದ ಮೇಲೆ ನಗುತ್ತ ಹೇಳಿದರಾಯಿತು ಎಂದುಕೊಂಡೆ. ಇದು ಅರ್ಧ ಮಾತ್ರ ನಿಜ. ಇನ್ನರ್ಧ ಏನೆಂದರೆ, ಇಂಥ ತೊಂದರೆಯ ಕೆಲಸ ಬೇಡ ಬಾಬು, ಬಿಟ್ಟುಬಿಡು ಎಂದು ಅವರು ಹೇಳಿದರೆ ಏನು ಗತಿ ಎಂಬ ಹೆದರಿಕೆ. ಖಾತೆ ಮುಚ್ಚಿದರೆ ಪುಸ್ತಕವಿಲ್ಲ. ಪುಸ್ತಕವಿಲ್ಲದೆ ಆ ಅಂಗಡಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಸುಮ್ಮನೆ ನಿಮ್ಮನ್ನು ನೋಡಲು ಬಂದೆ ಎಂದು ಹೇಳುವ ಅಭ್ಯಾಸ ನನ್ನಂಥ ಗಂಡಸರಿಗೆ ಇರುವುದಿಲ್ಲ.

"ಇವತ್ತ ಯಾಕ ಸುಮ್ನ ಕುಂತಿ? ಹೊಟ್ಟಿ ನೋಯಾಕತ್ತದೇನು?" ಎಂದು ಅವರು ಕೇಳಿದರು. ಹೌದು ಎಂದೆ. ಡಬ್ಬಿಯಲ್ಲಿದ್ದ ಮೊಸರನ್ನು ಪೂರ್ತಿ ನನಗೇ ಕೊಟ್ಟರು.

ಉತ್ತರಕ್ಕೆ ಸಾಕ್ಷಿ ಬೇಕಿತ್ತು. ಮನೆಯಲ್ಲಿದ್ದ ಪ್ರತಿಯ ಒಳಗಿನ ಒಂದು ಪುಟದಲ್ಲಿ ಅದರ ಮೊದಲ ಒಡತಿ ತನ್ನ ಹೆಸರು, ಊರು, ಫೋನ್ ನಂಬರು ಬರೆದುಕೊಂಡಿದ್ದಳು. ಕುರಕುಂಟಾದವಳು, ಈಗ ಶಾಲೆಯ ಶಿಕ್ಷಕಿ. ಫೋನ್ ಮಾಡಿದೆ. ಬನ್ನಿ ಎಂದಳು. ಶನಿವಾರ ಸೇಡಂ ದಾಟಿ ಅಲ್ಲಿಗೆ ಹೋದೆ. ತೊಗರಿ ಹೊಲಗಳ ನಡುವಿನ ಶಾಲೆಯ ವರಾಂಡದಲ್ಲಿ ನಿಂತು, ಈ ಪುಸ್ತಕ ನಾನು ಅಂಗಡಿಯಲ್ಲಿ ಕೊಂಡದ್ದು, ಓದಿ ಮುಗಿದ ಮೇಲೆ ಇವರಿಗೆ ಕೊಟ್ಟೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿದಳು. ಪುಸ್ತಕವನ್ನು ತಿರುವಿ ನೋಡಿ, "ನಂದೇನ್ರಿ ಇದು? ಗುರ್ತೇ ಸಿಗವಲ್ದು" ಎಂದಳು. ಇನ್ನೂ ಸ್ವಲ್ಪ ಹೊತ್ತು ಮಾತಾಡುವ ಆಸೆ ನನಗಿತ್ತು. ಮಕ್ಕಳು ಕಾಯುತ್ತಿದ್ದಾರೆ ಎಂದು ಅವಳು ಒಳಗೆ ಹೋದಳು. ಅದರಲ್ಲಿ ತಪ್ಪೇನಿಲ್ಲ.

ಭಾನುವಾರ ಉತ್ತರ ಬರೆಯಲು ಕುಳಿತೆ. ಇಲ್ಲಿ ನನ್ನ ಹಳೆಯ ಕಸುಬಿನ ಬಗ್ಗೆ ಹೇಳಬೇಕು. ಕಾರ್ಖಾನೆಯಲ್ಲಿ ತಡವಾಗಿ ಬಂದವರಿಗೆ, ರಜೆ ಕೇಳದೆ ಉಳಿದವರಿಗೆ ಮೆಮೋ ಹೋಗುತ್ತಿತ್ತು. ಮೆಮೋ ಟೈಪ್ ಮಾಡುತ್ತಿದ್ದವನು ನಾನು. ಅದನ್ನು ಹಿಡಿದು ಸಂಜೆ ಕಾರ್ಮಿಕರು ಬರುತ್ತಿದ್ದುದೂ ನನ್ನ ಮನೆಗೇ, ಉತ್ತರ ಬರೆಸಿಕೊಳ್ಳಲು. ಎಲ್ಲರಿಗೂ ನನ್ನದು ಒಂದೇ ಪಾಠ. ಬಸ್ಸು ಕೆಟ್ಟಿತು ಎಂದು ಮಾತ್ರ ಬರೆಯಬೇಡ; ಯಾವ ಬಸ್ಸು, ಡ್ರೈವರ್ ಯಾರು, ಅವನ ತಂದೆ ಯಾರು, ಊರು ಯಾವುದು, ಎಲ್ಲ ಬರೆ. ತೆಂಗಳಿಯ ಒಬ್ಬ ಕಾರ್ಮಿಕ ತನ್ನ ಎಮ್ಮೆಗೆ ಚಿಕಿತ್ಸೆ ಮಾಡಿದ ವೈದ್ಯನ ಅಜ್ಜನ ಹೆಸರನ್ನೂ ಬರೆದು ಬಚಾವಾಗಿದ್ದ. ಹೆಸರುಗಳ ಸಾಲು ಕಂಡರೆ ಸಾಹೇಬರು ನಂಬಿ ಬಿಡುತ್ತಿದ್ದರು. ಯಾರೂ ಹೋಗಿ ಆ ಡ್ರೈವರನನ್ನು ಕೇಳುತ್ತಿರಲಿಲ್ಲ. ಹೆಸರು ಕೊಡುವುದೆಂದರೆ ನಮ್ಮಲ್ಲಿ ಸಾಕ್ಷಿ ಕೊಟ್ಟಂತೆ, ಒಳ್ಳೆಯವರ ಹೆಸರು ಕೊಟ್ಟರೆ ಅವರನ್ನು ಗೌರವಿಸಿದಂತೆ.

ಆನ್‌ಲೈನ್ ಅಂಗಡಿಯ ನಮೂನೆಯಲ್ಲಿ ಒಂದು ಚೌಕವಿತ್ತು: ಸರಕನ್ನು ತಯಾರಿಸಿದವರ ಅಥವಾ ಪೂರೈಸಿದವರ ವಿವರ. ಅಲ್ಲಿ ನನ್ನ ಕೈ ತಡವರಿಸಲಿಲ್ಲ. ಚಾಚಾನ ಪೂರ್ತಿ ಹೆಸರು, ಅವರ ತಂದೆಯ ಹೆಸರು, ಗಲ್ಲಿಯ ಗುರುತು, ಫೋನ್ ನಂಬರು ಎಲ್ಲ ಬರೆದೆ. ಈ ಪುಸ್ತಕಗಳ ರಟ್ಟು, ಹೊದಿಕೆ, ಕತ್ತರಿಕೆ ಎಲ್ಲವೂ ಇವರ ಕೈಯಿಂದಲೇ ಆದದ್ದು, ಇವರು ನಲವತ್ತು ವರ್ಷಗಳಿಂದ ಚಿತ್ತಾಪುರದಲ್ಲಿ ಹೆಸರಾದ ಕುಶಲಕರ್ಮಿ ಎಂದು ಸೇರಿಸಿದೆ. ಅಸಲಿ ಪುಟದ ಫೋಟೋ, ಶಿಕ್ಷಕಿಯ ಪತ್ರ ಲಗತ್ತಿಸಿದೆ. ಗಟ್ಟಿಯಾಗಿ ಒಂದು ಸಲ ಓದಿಕೊಂಡೆ. ಎಷ್ಟೋ ವರ್ಷಗಳ ನಂತರ ನಾನು ಒಳ್ಳೆಯ ಕೆಲಸ ಮಾಡಿದ್ದೇನೆ ಎನಿಸಿತು. ಕಲರ್ ಝೆರಾಕ್ಸ್ ಮಾಡಿಸಿ ತಂದವನು ನಾನು ಎಂಬ ಸಾಲು ಆ ಉತ್ತರದಲ್ಲಿ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅದು ಬರೆಯಬೇಕಾದ ಸಂಗತಿ ಎಂದು ಹೊಳೆಯಲೇ ಇಲ್ಲ. ಈ ಮಾತನ್ನು ಯಾರಾದರೂ ನಂಬುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಕೆಲವೊಮ್ಮೆ ನಾನೇ ನಂಬುವುದಿಲ್ಲ.

ಎರಡು ವಾರದ ನಂತರ ಒಂದು ಮಂಗಳವಾರ, ಪುಸ್ತಕ ತರಲು ಸೇಡಂಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಫೋನು ಗುಂಯ್‌ಗುಟ್ಟಿತು. ನಿಮ್ಮ ವಿವರಣೆ ತೃಪ್ತಿಕರವಾಗಿದೆ, ಖಾತೆಯನ್ನು ಮತ್ತೆ ತೆರೆಯಲಾಗಿದೆ. ಮೊದಲ ಸಾಲು ಓದಿದವನೇ ಯಾರಿಗಾದರೂ ಹೇಳಬೇಕೆಂದು ಸುತ್ತ ನೋಡಿದೆ. ನಮ್ಮ ಕಾರ್ಖಾನೆಯ ಕೇಸುಗಳನ್ನು ನೋಡುತ್ತಿದ್ದ ವಕೀಲರೊಬ್ಬರು ಅಲ್ಲಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಹೋಗಿ ಎದುರಿಗೆ ಕುಳಿತು, ನಾನೇ ಉತ್ತರ ಬರೆದು ಗೆದ್ದೆ ಎಂದು ಫೋನು ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಎರಡನೆಯ ಪ್ಯಾರಾ ಕೂಡ ಓದಿದರು.

"ಹಳೇ ಪುಸ್ತಕ ಮಾರೂದು ತಪ್ಪಲ್ರಿ. ಖರೀದಿ ಮಾಡ್ದವ್ರು ತಮ್ ಪುಸ್ತಕ ಮತ್ತೊಬ್ರಿಗಿ ಮಾರ್ಬಹುದು, ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ಆದ್ರ ಮ್ಯಾಲಿನ ಚಿತ್ರ ಪ್ರಕಾಶಕರದು. ಅದನ್ನ ಝೆರಾಕ್ಸ್ ತೆಗ್ದು ಹಚ್ಚಿ ಮಾರಂಗಿಲ್ಲ. ಅಷ್ಟು ತಪ್ಪು ಆಗ್ಯಾದ."

"ಮತ್ತ ನನ್ನ ಖಾತಾ ತೆರದಾರಲ್ರಿ?"

"ತೆರದಾರ. ಯಾಕಂದ್ರ ಹೊದಿಕಿ ಮಾಡ್ದವ್ರು ಯಾರಂತ ನೀವು ಬರ್ದು ಕೊಟ್ಟೀರಿ. ಆ ಹೆಸರು ಪ್ರಕಾಶಕರ ವಕೀಲರಿಗಿ ಹೋದ ವಾರನೇ ಕಳ್ಸೀವಿ ಅಂತ ಇಲ್ಲಿ ಬರ್ದಾರ ನೋಡ್ರಿ. ನೋಟೀಸು ಇನ್ನ ಅವ್ರಿಗಿ ಹೋಗ್ತದ." ಅವರು ಫೋನು ಹಿಂದಕ್ಕೆ ಕೊಟ್ಟರು. "ಯಾರವ್ರು? ನಿಮಗ ಬೇಕಾದವ್ರೇನು?"

ಫೋನು ಜೇಬಿಗೆ ಹಾಕಿ ಎದ್ದೆ. ಪುಸ್ತಕ ಕೊಡುವವರ ಮನೆಗೆ ಹೋಗಲಿಲ್ಲ. ಸೇಡಂ ಸ್ಟೇಷನ್ನಿಗೆ ಹೋಗಿ ಸಿಕ್ಕಿದ ರೈಲು ಹತ್ತಿ ಚಿತ್ತಾಪುರದಲ್ಲಿ ಇಳಿದೆ. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ: ನೋಟೀಸು ಇನ್ನೂ ಬಂದಿರಲಿಕ್ಕಿಲ್ಲ, ನಾನು ಮೊದಲು ಹೋಗಿ ಹೇಳಿಬಿಟ್ಟರೆ ಸರಿಯಾಗುತ್ತದೆ. ಗಲ್ಲಿಯ ತಿರುವಿನಲ್ಲಿ ಔಷಧ ಅಂಗಡಿಯವರು ನನ್ನನ್ನು ನೋಡಿ ಮುಖ ತಿರುಗಿಸಿದರು. ನೋಟೀಸು ಬಂದಿದೆ ಎಂದು ಆಗಲೇ ತಿಳಿಯಿತು.

ಚಾಚಾ ಕೆಲಸ ಮಾಡುತ್ತಿರಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಎದುರಿಗೆ ಹಾಸುಗಲ್ಲಿನ ಮೇಲೆ ರಿಜಿಸ್ಟರ್ ಅಂಚೆಯ ಉದ್ದನೆಯ ಲಕೋಟೆ.

"ಬರ್ರಿ ಸಾಹೇಬ್ರ, ಕುಂದ್ರಿ" ಎಂದರು.

ಐದು ವರ್ಷದಲ್ಲಿ ಅವರು ನನ್ನನ್ನು ಸಾಹೇಬ್ರ ಎಂದದ್ದು ಅದೇ ಮೊದಲು. ನಾನು ಕೂರಲಿಲ್ಲ. "ಚಾಚಾ, ನನ್ನಿಂದ ಭಾಳ ದೊಡ್ಡ ತಪ್ಪಾಗ್ಯಾದ" ಎಂದೆ.

"ಬಾಜೂ ಅಂಗಡಿಯವ್ರು ಓದಿ ಹೇಳಿದ್ರು. ನಾ ನಕಲಿ ಪುಸ್ತಕ ತಯಾರ್ ಮಾಡ್ತೀನಂತ. ಕೋರ್ಟಿಗಿ ಹಾಕ್ತಾರಂತ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟಿನ ಭಾಷೆ ನನಗೆ ಗೊತ್ತು. "ನಲ್ವತ್ತು ವರ್ಸ ಜಿಲ್ದ್ ಹಾಕೀನಿ. ಒಂದ್ ಪುಸ್ತಕದ ಮ್ಯಾಲೂ ನನ್ ಹೆಸರು ಹಾಕಿಲ್ಲ. ಮೊದಲ್ನೇ ಸಲ ನನ್ ಹೆಸರು ಛಾಪಾ ಆಗಿ ಬಂದದ, ನೋಡ್ರಿ. ನಮ್ ಅಬ್ಬಾಂದೂ ಬಂದದ."

ಅವರು ಲಕೋಟೆಯಿಂದ ಕಾಗದ ತೆಗೆದು, ತಮ್ಮ ತಂದೆಯ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ನನಗೆ ಹೇಳಿದರು. ಯಾವ ಸಾಲೆಂದು ಅವರಿಗೆ ಗೊತ್ತಿರಲಿಲ್ಲ. ತೋರಿಸಿದೆ. ಆ ಇಂಗ್ಲಿಷ್ ಅಕ್ಷರಗಳನ್ನು ಅವರು ಬಹಳ ಹೊತ್ತು ನೋಡಿದರು. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ನಿಮ್ ಹೆಸರು ಅಭಿಮಾನದಿಂದ ಬರ್ದೆ ಚಾಚಾ. ಖರೇನೇ ಹೇಳ್ತೀನಿ. ಇವತ್ತೇ ಅವ್ರಿಗಿ ಮತ್ತ ಬರೀತೀನಿ, ತಪ್ಪು ನಂದು ಅಂತ."

"ಬ್ಯಾಡ್ರಿ" ಎಂದರು. "ಮತ್ತ ಏನೂ ಬರೀಬ್ಯಾಡ್ರಿ."

ಆಮೇಲೆ ಎದ್ದು ಒಳಗಿನಿಂದ ನನ್ನ ಪುಸ್ತಕಗಳ ಕಟ್ಟು ತಂದರು. ಹದಿನಾರು ಪುಸ್ತಕಗಳು. ಬಣ್ಣದ ಮುಖಗಳನ್ನೆಲ್ಲ ಸುಲಿದು ತೆಗೆದು ಬೂದು ರಟ್ಟು ಹಾಕಿದ್ದರು. ನೋಟೀಸು ಹಿಂದಿನ ದಿನ ಬಂದಿತ್ತು; ಒಂದೇ ದಿನದಲ್ಲಿ ಅಷ್ಟನ್ನೂ ಮಾಡಿದ್ದರು. ಕಟ್ಟಿನ ಮೇಲೆ ಒಂದು ಬಿಳಿ ಹಾಳೆ, ಪೆನ್ನು.

"ಪುಸ್ತಕ ಮುಟ್ಟ್ಯಾವ ಅಂತ ಬರ್ದು ಕೊಡ್ರಿ. ನಿಮ್ ಹೆಸರು, ನಿಮ್ ಅಪ್ಪಂದು, ಊರು, ಎಲ್ಲ ಇರ್ಲಿ. ನಂದು ಹೆಂಗ ಬರ್ದೀರಿ, ಹಂಗೇ ಬರೀರಿ."

ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಹೆದರಿಕೆ ಇತ್ತು. ಐದು ವರ್ಷದಲ್ಲಿ ನಮ್ಮ ನಡುವೆ ಒಂದು ಚೀಟಿಯೂ ಇರಲಿಲ್ಲ. ನಿಂತುಕೊಂಡೇ ಬರೆದೆ. ಅವರಿಗೆ ಅದನ್ನು ಓದಲು ಬರುವುದಿಲ್ಲ. ಆದರೂ ಸಾಲು ಸಾಲಾಗಿ ಕಣ್ಣಾಡಿಸಿ, ಮಡಚಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು.

ಬರೆಯಬೇಡಿ ಎಂದಿದ್ದರೂ ನಾನು ಪ್ರಕಾಶಕರಿಗೆ ಬರೆದೆ. ಈ ಸಲ ಮೊದಲು ಸೇಡಂನ ವಕೀಲರಿಗೆ ತೋರಿಸಿದೆ. ಹೊದಿಕೆಯ ಝೆರಾಕ್ಸ್ ಮಾಡಿಸಿದವನು ನಾನು, ಅಂಟಿಸಲು ಒತ್ತಾಯಿಸಿದವನು ನಾನು, ಜಿಲ್ದು ಹಾಕಿದವರು ಬೇಡವೆಂದಿದ್ದರು, ಅವರಿಗೆ ಕನ್ನಡ ಓದಲು ಬರುವುದಿಲ್ಲ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಅಷ್ಟೇ. ಯಾರ ಅಪ್ಪನ ಹೆಸರೂ ಇರಲಿಲ್ಲ. ಪ್ರಕಾಶಕರು ಕೆಟ್ಟವರಲ್ಲ. ತಿಂಗಳೊಳಗೆ ಅವರ ವಕೀಲರಿಂದ ಎರಡು ಪತ್ರ ಬಂದವು, ಒಂದು ನನಗೆ, ಒಂದು ಚಾಚಾಗೆ ತಲುಪಿಸಲು. ವಿಷಯವನ್ನು ಇಲ್ಲಿಗೆ ಮುಗಿಸಲಾಗಿದೆ, ಜಿಲ್ದು ಹಾಕಿದವರ ಮೇಲೆ ಯಾವ ಆರೋಪವೂ ಇಲ್ಲ.

ಆ ತಿಂಗಳಲ್ಲಿ ನಾಲ್ಕು ಗುರುವಾರ ಮನೆಯಲ್ಲೇ ಇದ್ದೆ. ಮೊದಲನೆಯ ಗುರುವಾರ ಅಭ್ಯಾಸಬಲದಿಂದ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಚಪ್ಪಲಿ ಹಾಕಿಕೊಂಡ ಮೇಲೆ ನೆನಪಾಯಿತು. ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲಿ ಬಹಳ ಹೊತ್ತು ಕುಳಿತಿದ್ದೆ. ಖಾತೆ ತೆರೆದಿತ್ತು, ಪುಸ್ತಕ ಬೇಕೆಂದು ಫೋನಿಗೆ ಸಂದೇಶಗಳು ಬರುತ್ತಲೇ ಇದ್ದವು. ಹರಿದ ರಟ್ಟಿನ ಪುಸ್ತಕಗಳನ್ನು ಹರಿದಿವೆ ಎಂದೇ ಬರೆದು ಕಳಿಸಿದೆ. ಆಶ್ಚರ್ಯವೆಂದರೆ ಅವನ್ನೂ ಜನ ಕೊಂಡರು. ಮುಖವೂ ಬೇಕಿರಲಿಲ್ಲ, ಏನೂ ಬೇಕಿರಲಿಲ್ಲ.

ಐದನೆಯ ಗುರುವಾರ ಪತ್ರ ಹಿಡಿದು ಚಿತ್ತಾಪುರಕ್ಕೆ ಹೋದೆ. ಖಾಲಿ ಕೈಯಲ್ಲಿ ಹೋಗಬಾರದೆಂದು, ಹಾಗೆಂದು ನನಗೆ ನಾನೇ ಹೇಳಿಕೊಂಡು, ಚೀಲದಲ್ಲಿ ಎಂಟು ಹಳೆಯ ಪುಸ್ತಕಗಳನ್ನೂ ಇಟ್ಟುಕೊಂಡಿದ್ದೆ. ಚಾಚಾ ಯಾವುದೋ ಮಸೀದಿಯ ಹಳೆಯ ರಿಜಿಸ್ಟರಿನ ಹಾಳೆಗಳನ್ನು ಹೊಲಿಯುತ್ತಿದ್ದರು. ಸ್ಟೂಲಿನ ಮೇಲೆ ಅಂಟಿನ ಡಬ್ಬಿ ಇತ್ತು. ನಾನು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಎರಡು ಸಲ ಹ್ಞೂಂ ಎಂದರು. ಪತ್ರ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು.

"ಅಲ್ಲಾ ನಿಮಗ ಛಲೋ ಮಾಡ್ಲಿ" ಎಂದರು. ಮನಸಾರೆ ಹೇಳಿದರು, ಅದರಲ್ಲಿ ನನಗೆ ಅನುಮಾನವಿಲ್ಲ.

ನಾನು ಚೀಲದಿಂದ ಪುಸ್ತಕಗಳನ್ನು ತೆಗೆದು ಒಂದೊಂದಾಗಿ ಅವರ ಮುಂದೆ ಇಡತೊಡಗಿದೆ. ಸಾದಾ ರಟ್ಟು ಹಾಕಿದರೆ ಸಾಕು, ಅವಸರವಿಲ್ಲ, ಮುಂದಿನ ವಾರ ಬರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಮೇಲಿದ್ದ ಪುಸ್ತಕವನ್ನು ಅವರು ಕೈಗೆತ್ತಿಕೊಂಡರು, ತೆರೆಯಲಿಲ್ಲ, ಅದರ ಒಡೆಯನ ಬಗ್ಗೆ ಏನೂ ಹೇಳಲಿಲ್ಲ. ಮೆಲ್ಲಗೆ ಎಂಟನ್ನೂ ಜೋಡಿಸಿ ನನ್ನ ಕಡೆಗೆ ಸರಿಸಿದರು.

"ನನ್ ಕಣ್ಣು ಮಂದಾಗ್ಯಾವ್ರಿ. ಇನ್ನ ಇಷ್ಟು ಕೆಲ್ಸ ಆಗಂಗಿಲ್ಲ ನನಗ. ಬ್ಯಾರೆ ಕಡಿ ನೋಡ್ರಿ" ಎಂದರು.

ಹೇಳುತ್ತಲೇ ಹೊಸ ದಾರ ತುಂಡರಿಸಿ, ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸಣ್ಣ ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ಪೋಣಿಸಿದರು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದೆ. ವಾಡಿಯ ರೈಲಿಗೆ ಇನ್ನೂ ನಾಲ್ಕು ತಾಸು ಇತ್ತು.